ಮಸಿಯ ಬೆಟ್ಟ

ಕೆಲಸದ ಮೇಲೆ ಟೋಕಿಯೋಗೆ ಹೋಗಿದ್ದ ಮಗ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಿಂದ ಒಂದು ಚಿತ್ರದ ಕಾರ್ಡು ತಂದುಕೊಟ್ಟ. ರಜೆಗೆ ಬಂದಿದ್ದ ಮಗಳ ಮಗಳು ಅದನ್ನು ನೋಡಿ, "ತಾತ, ಇದರ ಮೇಲೆ ಯಾರೋ ಇಂಕು ಚೆಲ್ಲಿದ್ದಾರೆ" ಅಂದಳು. ನನಗೂ ಹಾಗೇ ಕಂಡಿತ್ತು. ಮಗ ಬೇಜಾರು ಮಾಡಿಕೊಂಡಾನೆಂದು ಸುಮ್ಮನಿದ್ದೆ.

ನನ್ನ ಭೂತಗನ್ನಡಿ ಹಿಡಿದು ನೋಡಿದಳು. ಬರೀ ಕಲೆಗಳು. ಕೊನೆಗೆ ಕಾರ್ಡನ್ನು ಟೀವಿಗೆ ಒರಗಿಸಿ ಇಬ್ಬರೂ ದೂರ ಕೂತೆವು. ಈಗ ನೋಡಿ, ಕಲೆಯಿದ್ದಲ್ಲಿ ಕಡಿದಾದ ಬಂಡೆ, ಮೇಲೆ ಗಿಡಮರ, ಹಿಂದೆ ಮಂಜಿನೊಳಗೆ ಮಸುಕು ಬೆಟ್ಟ!

ಮಕ್ಕಳೇ, ಇದನ್ನು ಬರೆದವರು ಸೆಸ್ಶು ಎಂಬ ಝೆನ್ ಸನ್ಯಾಸಿ. ಚಿಕ್ಕಂದಿನಲ್ಲಿ ಪಾಠ ಬಿಟ್ಟು ಚಿತ್ರ ಬರೆಯುತ್ತಾರೆಂದು ಅವರನ್ನು ಮಠದ ಕಂಬಕ್ಕೆ ಕಟ್ಟಿದರಂತೆ. ನೆಲಕ್ಕೆ ಬಿದ್ದ ಕಣ್ಣೀರಿನಲ್ಲೇ ಕಾಲ್ಬೆರಳಿನಿಂದ ಇಲಿ ಬರೆದರಂತೆ. ಅದು ಕಥೆ. ಈ ಚಿತ್ರ ಮಾತ್ರ ನಿಜ: 1495ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ ಬರೆದದ್ದು. ಸೋಎನ್ ಎಂಬ ಶಿಷ್ಯ ಊರಿಗೆ ಹೊರಟಾಗ ನೆನಪಿಗೊಂದು ಚಿತ್ರ ಕೇಳಿದ. ಕಣ್ಣು ಮಂಜಾಗಿದೆ, ಆದರೂ ಬರೆದಿದ್ದೇನೆ ಎಂದು ಅದೇ ಸುರುಳಿಯ ಮೇಲ್ಭಾಗದಲ್ಲಿ ಗುರುಗಳೇ ಬರೆದಿದ್ದಾರೆ.

ಇಂಥ ಚಿತ್ರಕ್ಕೆ ಜಪಾನಿನವರು 'ಹಬೊಕು ಸನ್ಸುಯಿ' ಅನ್ನುತ್ತಾರೆ. ಹಬೊಕು ಎಂದರೆ ಒಡೆದ ಮಸಿ, ಸನ್ಸುಯಿ ಎಂದರೆ ಬೆಟ್ಟ ಮತ್ತು ನೀರು. ಮೊದಲು ನೀರು ಹೆಚ್ಚು ಬೆರೆಸಿದ ತೆಳು ಮಸಿ. ಅದು ಹಸಿಯಿರುವಾಗಲೇ ಮೇಲೆ ಕಡುಕಪ್ಪು. ಒಂದರೊಳಗೊಂದು ಇಳಿದು ಅಂಚು ಕರಗುತ್ತದೆ. ಕಪ್ಪಾದದ್ದು ಹತ್ತಿರ ಬಂದಂತೆ, ತೆಳುವಾದದ್ದು ದೂರ ಸರಿದಂತೆ ಕಾಣುತ್ತದೆ. ನಮ್ಮ ಲೆಡ್ಜರಿನಲ್ಲಿ ತಪ್ಪಾದರೆ ಒಂದು ಗೆರೆ ಎಳೆದು, ಸರಿಯಾದ ಅಂಕಿ ಬರೆದು ಇನಿಷಿಯಲ್ ಹಾಕುತ್ತಿದ್ದೆವು. ಇಲ್ಲಿ ಆ ಅನುಕೂಲವೂ ಇಲ್ಲ. ಕಾಗದ ಹೀರಿತೆಂದರೆ ಹೀರಿತು.

"ದೋಣಿ ಇದೆ ತಾತ!" ಬಲಗಡೆ ಕೆಳಗೆ, ಪುಟ್ಟ ಗೆರೆಗಳಲ್ಲಿ ಇಬ್ಬರು ಕೂತ ದೋಣಿ. ನಾನು ನೋಡಿಯೇ ಇರಲಿಲ್ಲ. ದೋಣಿ ಕಂಡದ್ದೇ ತಡ, ಅದರ ಸುತ್ತಲಿನ ಬಿಳಿ ಕಾಗದ ನೀರಾಯಿತು. ಮೇಲೆ ಬೆಟ್ಟದ ಪಕ್ಕದ ಅದೇ ಬಿಳಿ ಕಾಗದ ಮಂಜು. ಎರಡಕ್ಕೂ ಬಣ್ಣ ಖರ್ಚಾಗಿಲ್ಲ! ಬಂಡೆಯ ಬುಡದಲ್ಲಿ ಬಾವುಟ ಕಟ್ಟಿದ ಅಂಗಡಿಯ ಸೂರೂ ಇದೆ. ಅಲ್ಲಿ ಏನು ಮಾರುತ್ತಾರೆ ಎಂದು ಕೇಳಿದಳು. ಹೆಂಡ ಎನ್ನಲಾರದೆ "ಏನೋ ಕುಡಿಯೋದು" ಅಂದೆ.

ಊರಿಗೆ ಹೊರಡುವ ಹಿಂದಿನ ದಿನ, "ನನಗೂ ಒಂದು ಬರೆದುಕೊಡು ತಾತ" ಅಂದಳು. ನನಗೆ ಕೈ ನಡುಗುತ್ತದೆ. ಈ ಅಂಕಣವನ್ನೂ ಈಗ ಹೇಳಿ ಬರೆಸುತ್ತೇನೆ. ಸಹಿ ಬಿಟ್ಟರೆ ನಾನಾಗಿ ಏನೂ ಬರೆದು ಎರಡು ವರ್ಷವಾಯಿತು. ಆಗದು ಅಂದೆ. ಅವಳು ಕಾರ್ಡು ತೋರಿಸಿ, "ಆ ತಾತ ಬರೆದಿಲ್ಲವಾ?" ಅಂದಳು.

ಅವಳ ಶಾಲೆಯ ಬ್ರಷ್ಷು, ಕಪ್ಪು ಇಂಕು. ನಾಲ್ಕು ಹಾಳೆ ಕೆಟ್ಟವು. ಐದನೆಯದರಲ್ಲಿ ನಡುಗಿದ ಗೆರೆ ಬೆಟ್ಟದ ಮೇಲೆ ಮರಗಳ ಸಾಲಿನಂತೆ ಕಂಡಿತು. ಅಲ್ಲಿಗೇ ಬ್ರಷ್ಷು ಕೆಳಗಿಟ್ಟೆ. "ದೋಣಿ?" ಅಂದಳು. ನೀನೇ ಇಡು ಅಂದೆ. ಬೆಟ್ಟಕ್ಕಿಂತ ದೊಡ್ಡ ದೋಣಿ ಇಟ್ಟಳು. ಬಸ್ಸಿನಲ್ಲಿ ಮುದುಡದಿರಲೆಂದು ಹಳೇ ಕ್ಯಾಲೆಂಡರಿನೊಳಗೆ ಸುತ್ತಿ ಕೊಟ್ಟು ಕಳಿಸಿದೆ.