ತಗ್ಗಿನಲ್ಲಿ ಯಾರಿದ್ದಾರೆ?

ಶರಣ ಬಂಧುಗಳೇ, ಹೇಮಾವತಿ ಲಿಂಕ್ ಕಾಲುವೆ ಕುಣಿಗಲ್ಲಿಗೆ ಬೇಕು, ಗುಬ್ಬಿಗೆ ಬೇಡ. 2025ರಲ್ಲಿ ಗುಬ್ಬಿಯಲ್ಲಿ ಮಠಾಧೀಶರೂ ಬೀದಿಗಿಳಿದರು. ಸಂತೋಷ. ತುಮಕೂರಿನ ಕೊಳೆಗೇರಿಗಳಿಗಾಗಿ ಯಾರು ಇಳಿದರು?

ಎಂಜಿನಿಯರಾಗಿದ್ದವನು ಹೇಳುತ್ತೇನೆ: ನೀರು ಜಾತಿ ನೋಡುವುದಿಲ್ಲ, ಮಟ್ಟ ನೋಡುತ್ತದೆ. ತಗ್ಗಿನ ಜಾಗವನ್ನು ಪೌರಕಾರ್ಮಿಕರಿಗೆ, ಕೂಲಿಯವರಿಗೆ ಬಿಟ್ಟದ್ದು ಮಾತ್ರ ಜಾತಿಯೇ. ಮಳೆ ಬಂದರೆ ಮನೆಯೊಳಗೆ ಮೋರಿ ನೀರು. ಏಪ್ರಿಲ್‌ನಲ್ಲಿ ತಗಡಿನ ಸೂರು ಕಾದ ಹೆಂಚು. 2016ರಲ್ಲಿ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ಊರು ಅಮಾನಿಕೆರೆಯನ್ನು ಸಿಂಗರಿಸಿತು. ರಾಜಕಾಲುವೆ ಒತ್ತಿದವರಲ್ಲಿ ನಮ್ಮವರಿಲ್ಲವೇ? ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರ ಜಯಂತಿಗೆ ಪೆಂಡಾಲು ಹಾಕುವವರು ಮೊದಲು ಒತ್ತುವರಿ ಬಿಡಲಿ.

ಮದುವೆಯಿಲ್ಲದ ದಿನ ಮಠಗಳ ಕಲ್ಯಾಣ ಮಂಟಪಗಳಿಗೆ ಬೀಗ. ಈ ಬೇಸಿಗೆಯಿಂದ ಮಧ್ಯಾಹ್ನ 12ರಿಂದ 4ರವರೆಗೆ ಆ ಮಕ್ಕಳಿಗೆ, ಮುದುಕರಿಗೆ ತೆರೆಯಿರಿ; ಫ್ಯಾನು, ಮಜ್ಜಿಗೆ ಸಾಕು. ಬೀಗದ ಕೈ ಯಾರ ಹತ್ತಿರವಿದೆಯೆಂದು ನಿಮ್ಮ ಮಠದಲ್ಲಿ ಕೇಳಿ.