ಮೊಟ್ಟೆಗೆ ಒಂದು ನಕ್ಷೆ, ಅಕ್ಷರಕ್ಕೆ ಇನ್ನೊಂದು



‘ಸರ್ಕಾರಿ ಸಾಲಿಗೆ ಏನ್ ಕಡಿಮಿ ಮಾಡೀವಿ ಹೇಳ್ರಿ’ ಎಂಬ ಮಾತು ನಮ್ಮ ಕಡೆಯ ವೇದಿಕೆಗಳ ಮೇಲೆ ಆಗಾಗ ಕೇಳಿಬರುತ್ತದೆ. ಬಿಸಿಯೂಟ, ಹಾಲು, ಮೊಟ್ಟೆ, ಸಮವಸ್ತ್ರ, ಬೂಟು, ಪಠ್ಯಪುಸ್ತಕ, ಪ್ರತಿಭಾ ಕಾರಂಜಿ, ಕಲಿಕಾ ಹಬ್ಬ ಎಂದು ಪಟ್ಟಿ ಉದ್ದವಿದೆ, ಸುಳ್ಳೂ ಅಲ್ಲ. ಪಟ್ಟಿಯ ಬಗ್ಗೆ ನನಗೆ ತಕರಾರಿಲ್ಲ. ಅದರಲ್ಲಿ ಯಾವುದು ನಮ್ಮ ವಿಜಯಪುರ ಜಿಲ್ಲೆಯ ತಾಳಿಕೋಟೆಯವರೆಗೆ ಬರುತ್ತದೆ, ಯಾವುದು ಪಕ್ಕದ ಹುಣಸಗಿಯಲ್ಲೇ ನಿಲ್ಲುತ್ತದೆ ಎಂಬುದರ ಬಗ್ಗೆ ಇದೆ.

ತಾಳಿಕೋಟೆ ಈಗ ಹಳೆ ಪೇಟೆಯಷ್ಟೇ ಅಲ್ಲ. ಹೊಲಗಳನ್ನು ಎನ್‌ಎ (ಕೃಷಿಯೇತರ) ಮಾಡಿಸಿ ಪ್ಲಾಟು ಹಾಕಿದ ಕಡೆಗೆಲ್ಲ ಊರು ಹಬ್ಬಿದೆ. ಸುತ್ತಲಿನ ಹಳ್ಳಿ, ತಾಂಡಾಗಳಿಂದ ಬಂದು ಬಾಡಿಗೆಗೆ ನಿಂತವರು ಹೆಚ್ಚಾಗಿ ಇರುವುದು ಈ ಊರಂಚಿನಲ್ಲೇ. ಅಲ್ಲಿಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಪಾಲಕನಾಗಿ ನಾನು ಹೋಗಿ ಬರುವವನು. ಮೊಟ್ಟೆ ಕೊಡುವ ಹೊತ್ತಿಗೆ ಪಡಸಾಲೆಯಲ್ಲಿ ಸಾಲಾಗಿ ಕೂತ ಮಕ್ಕಳನ್ನು ನೋಡಿದರೆ ಯಾವ ಸರ್ಕಾರವನ್ನೂ ಬೈಯಲು ಮನಸ್ಸಾಗುವುದಿಲ್ಲ. ಸಾಲಿನ ಕೊನೆಯಲ್ಲಿ ಮಾತ್ರ ಸಮವಸ್ತ್ರವಿಲ್ಲದ ಒಂದು ಕೂಸು ಅಕ್ಕನ ಮಗ್ಗುಲಿಗೆ ಅಂಟಿಕೊಂಡು ಕೂತಿರುತ್ತದೆ. ವಯಸ್ಸು ನಾಲ್ಕು. ತಾಯಿ ಹತ್ತಿ ಬಿಡಿಸಲು ಹೋದ ದಿನ ಅಕ್ಕನೇ ಅದನ್ನು ಕರೆತರುವುದು. ಅದರ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಅನ್ನ ಸಾರಿಗೆ ಅಡುಗೆಯವ್ವ ಲೆಕ್ಕ ಹಿಡಿಯುವುದಿಲ್ಲ, ಮೊಟ್ಟೆ ಮಾತ್ರ ಎಣಿಸಿಯೇ ಬಂದಿರುತ್ತದೆ. ಅಕ್ಕ ತನ್ನದನ್ನು ಮುರಿದು ಹಳದಿ ಇದ್ದ ಭಾಗವನ್ನು ತಮ್ಮನ ತಾಟಿಗೆ ಹಾಕುತ್ತಾಳೆ. ‘ನನ್ನ ಹೆಸರೂ ಬರಕೋರಿ ಅಕ್ಕೋರೆ’ ಎಂದು ಆ ಕೂಸು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಅಕ್ಕೋರು ಏನು ಮಾಡಿಯಾರು? ಒಂದನೆಯ ತರಗತಿಗೆ ಆರು ವರ್ಷ ತುಂಬಬೇಕು. ಈ ಶಾಲೆಗೆ ಎಲ್‌ಕೆಜಿ ಇಲ್ಲ.

ಇದೇ ಕೂಸು ಹುಣಸಗಿ ಕಡೆ ಹುಟ್ಟಿದ್ದರೆ ಹೆಸರು ಬರೆಸಿಕೊಳ್ಳುವ ಅವಕಾಶ ಎಷ್ಟೋ ಹೆಚ್ಚಿತ್ತು. ನಮ್ಮಲ್ಲಿಂದ ಬಸ್ಸು ಹತ್ತಿದರೆ ತಾಸಿನೊಳಗೆ ಮುಟ್ಟುವ ಊರು ಅದು. ಅದೇ ಎರೆಭೂಮಿ, ಅದೇ ತೊಗರಿ, ಅದೇ ಗುಳೆ. ಆದರೆ ಅದು ಯಾದಗಿರಿ ಜಿಲ್ಲೆ, ಎಂದರೆ ಕಲ್ಯಾಣ ಕರ್ನಾಟಕ. ಅಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ‘ಅಕ್ಷರ ಆವಿಷ್ಕಾರ’ ನಡೆಯುತ್ತದೆ. ಶಾಲಾ ಕೋಣೆ, ಅತಿಥಿ ಶಿಕ್ಷಕರು, ಸರ್ಕಾರಿ ಶಾಲೆಯೊಳಗೇ ಪೂರ್ವ ಪ್ರಾಥಮಿಕ ತರಗತಿ ಎಲ್ಲಕ್ಕೂ ಪ್ರತ್ಯೇಕ ಕಾಸು. 2024-25ರ ಬಜೆಟ್‌ನಲ್ಲಿ ಆ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ನಮ್ಮ ಕಡೆ ಎಲ್‌ಕೆಜಿ ಬಂದದ್ದು ಆಯ್ದ ಶಾಲೆಗಳಿಗೆ ಮಾತ್ರ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾದದ್ದು ಹಿಂದುಳಿದ ಏಳು ಜಿಲ್ಲೆಗಳಲ್ಲಿ. ಬೀದರ, ಕಲಬುರಗಿ, ರಾಯಚೂರುಗಳ ಜೊತೆ ನಮ್ಮ ವಿಜಾಪುರವೂ (ಈಗಿನ ವಿಜಯಪುರ) ಇತ್ತು. ಅದೇ ವರ್ಷ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ತಾಳಿಕೋಟೆ ಆಗ ಸೇರಿದ್ದ ಮುದ್ದೇಬಿಹಾಳ ಆ ಪಟ್ಟಿಯಲ್ಲಿತ್ತು. 2021ರ ಡಿಸೆಂಬರ್‌ನಲ್ಲಿ ಮಕ್ಕಳ ಅಪೌಷ್ಟಿಕತೆಯನ್ನು ಮುಂದಿಟ್ಟುಕೊಂಡು ಶಾಲೆಗಳಲ್ಲಿ ಮೊಟ್ಟೆ ಆರಂಭಿಸಿದಾಗಲೂ ಸರ್ಕಾರ ಆರಿಸಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು, ಅವುಗಳ ಜೊತೆಗೆ ವಿಜಯಪುರವನ್ನು. ಅಂದರೆ ನಮ್ಮ ಮಕ್ಕಳ ಮೈಯಲ್ಲಿ ರಕ್ತವಿಲ್ಲ, ತೂಕವಿಲ್ಲ ಎಂದು ಸರ್ಕಾರ ತಾನೇ ಒಪ್ಪಿದೆ. ಹಸಿವಿನ ಲೆಕ್ಕದಲ್ಲಿ ಹುಣಸಗಿಯ ಮಗ್ಗುಲಿಗೇ ನಮ್ಮನ್ನು ಕೂರಿಸುತ್ತಾರೆ. ಶಿಕ್ಷಕರ ಲೆಕ್ಕ, ಎಲ್‌ಕೆಜಿ ಲೆಕ್ಕ ಬಂದಾಗ ಮಾತ್ರ ಬೆಳಗಾವಿ ವಿಭಾಗದವರು ಎಂದು ಬೇರೆ ಸಾಲಿಗೆ ಕಳಿಸುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯಗಳು ಇರಬಹುದು. ಇಷ್ಟು ಅಧಿಕೃತವಾಗಿ ಕಾಗದದ ಮೇಲೆ ಸಾಬೀತಾಗಿರುವುದು ಕಡಿಮೆ.

‘ಕಲ್ಯಾಣ ಕರ್ನಾಟಕದ ಸೌಲಭ್ಯ ಸಂವಿಧಾನದ 371(ಜೆ), ನಿಜಾಮರ ಆಳ್ವಿಕೆಯಲ್ಲಿ ಸೊರಗಿದವರಿಗಾಗಿ ಮಾಡಿದ್ದು’ ಎಂಬ ಉತ್ತರ ತಯಾರಿರುತ್ತದೆ. ಗೊತ್ತು. 2012ರಲ್ಲಿ ಸಂಸತ್ತು ಅದನ್ನು ಒಪ್ಪಲು ಅಲ್ಲಿಯವರು ಎಷ್ಟು ವರ್ಷ ಬೀದಿಯಲ್ಲಿ ನಿಂತರು ಎಂಬುದೂ ಗೊತ್ತು. ಅವರ ತಾಟಿನಿಂದ ಕಿತ್ತು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಬಳ್ಳಾರಿ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ನಿಜಾಮರ ಹೈದರಾಬಾದಿನಲ್ಲಲ್ಲ. ಆದರೂ ಅದನ್ನು ಸೇರಿಸಿದರು, ಸರಿಯಾಗಿಯೇ ಮಾಡಿದರು. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿ ಅದೇ ಸೌಲಭ್ಯ ಪಡೆಯಿತು. ಮನಸ್ಸಿದ್ದಲ್ಲಿ ಗೆರೆ ಸರಿಯುತ್ತದೆ. ಮುಂಬೈ ಪ್ರಾಂತ್ಯದಲ್ಲಿದ್ದೆವು ಎಂಬ ಒಂದೇ ಕಾರಣಕ್ಕೆ ನಮ್ಮ ಮಕ್ಕಳು ಎಷ್ಟು ತಲೆಮಾರು ದಂಡ ಕಟ್ಟಬೇಕು?

ಎಲ್‌ಕೆಜಿಯ ಮಾತನ್ನೇ ಹಿಡಿದು ಎಳೆಯುತ್ತಿದ್ದೇನೆ ಎನಿಸಬಹುದು. ಆದರೆ ಸರ್ಕಾರಿ ಶಾಲೆ ಮಕ್ಕಳನ್ನು ಕಳೆದುಕೊಳ್ಳುವುದು ನಾಲ್ಕನೆಯ ವಯಸ್ಸಿನಲ್ಲಿ. ಮುಂಜಾನೆ ಓಣಿಯ ಬಾಯಿಗೆ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಕೈಯಲ್ಲಿ ನಾಲ್ಕು ಕಾಸು ಇದ್ದವರು ಕೂಸನ್ನು ಅದರಲ್ಲಿ ಕೂರಿಸುತ್ತಾರೆ. ಆರು ತುಂಬಿದ ಮೇಲೆ ಆ ಕೂಸನ್ನು ಕನ್ನಡ ಸಾಲಿಗೆ ತಿರುಗಿ ಕರೆತರುವವರು ಬೆರಳೆಣಿಕೆಯಷ್ಟು. 2019ರಲ್ಲಿ ನಿಯಮ ಬದಲಾಗಿ, ಪಕ್ಕದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಎಂದಾಯಿತು. ಹೀಗಾಗಿ ಫೀ ಪೂರ್ತಿ ಪಾಲಕರ ಕೊರಳಿಗೆ. ಗೋವಾಕ್ಕೆ, ಮಹಾರಾಷ್ಟ್ರದ ಕಬ್ಬಿಗೆ ದುಡಿಯಲು ಹೋಗುವ ಮನೆಗಳು ಅದಕ್ಕೂ ಸಾಲ ಎತ್ತುತ್ತವೆ. ಕೆಲವು ವರ್ಷ ಕಳೆದ ಮೇಲೆ ಅಧಿಕಾರಿಗಳು ಬಂದು ‘ದಾಖಲಾತಿ ಇಲ್ಲ, ವಿಲೀನ ಮಾಡಬೇಕು’ ಎನ್ನುತ್ತಾರೆ. ಬಾಗಿಲು ಹಾಕಿಟ್ಟವರೇ ಯಾರೂ ಒಳಗೆ ಬರುತ್ತಿಲ್ಲ ಎಂದು ವರದಿ ಬರೆದಂತೆ.

ಅಂಗನವಾಡಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಶಾಲೆಯಲ್ಲಿ ಎಲ್‌ಕೆಜಿ ಬಂದರೆ ತಮ್ಮ ಕೇಂದ್ರ ಖಾಲಿಯಾದೀತು ಎಂದು 2024ರಲ್ಲಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ಅವರ ಅಂಜಿಕೆ ನ್ಯಾಯವಾದದ್ದೇ. ಅಂಗನವಾಡಿಯನ್ನು ಶಾಲೆಯ ಆವರಣಕ್ಕೇ ತಂದು, ಅವರಿಗೇ ತರಬೇತಿ ಕೊಟ್ಟು ನಡೆಸಲು ಯಾರೂ ಅಡ್ಡ ಬರುವುದಿಲ್ಲ.

ಶಿಕ್ಷಕರ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದರಿಂದ ಮೂರನೆಯವರೆಗಿನ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಒಳ್ಳೆಯ ಪದ್ಧತಿ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶಿಕ್ಷಕರೇ ಕಟ್ಟಿ ಬೆಳೆಸಿದ್ದು. ಅದಕ್ಕೆ ಬೇಕಾದದ್ದು ಮಗುವಿನ ಪಕ್ಕ ಕೂರಲು ಪುರಸತ್ತು ಇರುವ ಶಿಕ್ಷಕಿ. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಫೋಟೋ ಅಪ್‌ಲೋಡ್ ಮುಗಿಸಿ ಆಕೆ ಕಲಿಕಾ ಕಾರ್ಡು ಕೈಗೆತ್ತಿಕೊಳ್ಳುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. 2022ರಲ್ಲಿ ಕರೆದ 15,000 ಪದವೀಧರ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಿದ್ದವು. ಉಳಿದ ಅಷ್ಟೂ ಜಿಲ್ಲೆಗಳಿಗೆ 10,000. ನಮ್ಮ ಪಾಲು ಎಷ್ಟು ಬಂದೀತು ಎಂಬುದನ್ನು ನಾಲ್ಕನೆಯ ತರಗತಿಯ ಮಕ್ಕಳೇ ಭಾಗಿಸಿ ಹೇಳಬಲ್ಲರು.

ಸಂವಿಧಾನ ತಿದ್ದುಪಡಿಗೆ ಕಾಯಿರಿ ಎಂದು ಮೂಗಿಗೆ ತುಪ್ಪ ಸವರುವುದು ಬೇಡ. ರಾಜ್ಯ ಸರ್ಕಾರ ತನ್ನ ಬಜೆಟ್ಟಿನಿಂದಲೇ, ಒಂದು ಆದೇಶದಿಂದ ಮಾಡಬಹುದಾದ ಕೆಲಸ ಇದು. ಕಲ್ಯಾಣ ಕರ್ನಾಟಕಕ್ಕೆ ಅಂಟಿಕೊಂಡ ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ, ಇಂಡಿ ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ‘ಅಕ್ಷರ ಆವಿಷ್ಕಾರ’ದ ಮಾದರಿಯಲ್ಲೇ ಅನುದಾನ ಕೊಡಲಿ. ಊರಂಚಿನ ಹೊಸ ಬಡಾವಣೆಗಳ ಶಾಲೆಗಳಿಂದ ಎಲ್‌ಕೆಜಿ ಆರಂಭವಾಗಲಿ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು ಪ್ರೊ. ಎಂ. ಗೋವಿಂದರಾವ್ ಸಮಿತಿಯನ್ನು ನೇಮಿಸಿದ್ದೂ ಇದೇ ಸರ್ಕಾರ. ಮುದ್ದೇಬಿಹಾಳ, ದೇವರ ಹಿಪ್ಪರಗಿ ಕ್ಷೇತ್ರಗಳ ಶಾಸಕರು ಸದನದಲ್ಲಿ ಈ ಪ್ರಶ್ನೆ ಎತ್ತಲಿ. ಬರುವ ಜೂನ್‌ನಲ್ಲಿ ಶಾಲೆ ತೆರೆದಾಗ ನಾಲ್ಕು ವರ್ಷದ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಬರುವಂತೆ ಮಾಡಲಿ.

ಇಂತಿ,
ಒಬ್ಬ ಪಾಲಕ
ತಾಳಿಕೋಟೆ, ವಿಜಯಪುರ ಜಿಲ್ಲೆ