ಅಂಗೈಯಲ್ಲಿ ಬೆಣ್ಣೆ, ಊರೆಲ್ಲ ತುಪ್ಪದ ಹುಡುಕಾಟ



ಕಳೆದ ತಿಂಗಳು ನಮ್ಮ ಶಾಲಾ ವಾರ್ಷಿಕೋತ್ಸವದ ಮೂರು ಮಿನಿ ಡಿವಿ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಗಂಟೆಗೆ ಸುಮಾರು 13 ಜಿಬಿಯಂತೆ ಒಟ್ಟು 39 ಜಿಬಿ ಆಯಿತು. ಅದರಲ್ಲಿ ನಾಟಕವಾಡಿದ ಹುಡುಗರ ಪೈಕಿ ಇಬ್ಬರು ಇಂದು ನಮ್ಮೊಡನಿಲ್ಲ. ಕಲಿಸಿದ ಮೇಷ್ಟರೂ ಇಲ್ಲ. ಆದ್ದರಿಂದ ಮಹಡಿಯ ಕೋಣೆಯಲ್ಲಿರುವ ಮಗನ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿಯಿರಲೆಂದು ಬಯಸಿದೆ. "ಕ್ಲೌಡಿಗೆ ಹಾಕಿಬಿಡಿ ಅಪ್ಪ, ನಾನು ಇಳಿಸಿಕೊಳ್ಳುತ್ತೇನೆ" ಎಂದನು.

ಈ ಉತ್ತರವನ್ನೇ ನಾನು ವಿರೋಧಿಸುತ್ತೇನೆ. ಲೆಕ್ಕದ ಮೇಷ್ಟರಿಗೆ ಲೆಕ್ಕವೇ ಸಾಕ್ಷಿ. ನಮ್ಮ ಮನೆಯ ಸಂಪರ್ಕದಲ್ಲಿ ಮೇಲಕ್ಕೆ ಕಳುಹಿಸುವ ವೇಗ ಸೆಕೆಂಡಿಗೆ 20 ಮೆಗಾಬಿಟ್. ಕಳುಹಿಸುವುದಕ್ಕೇ ನಾಲ್ಕು ಗಂಟೆಗೂ ಹೆಚ್ಚು ಬೇಕು. ಇಳಿಸಿಕೊಳ್ಳುವ ಕಾಲ ಬೇರೆ. ಅದೇ ರೌಟರಿಗೆ ಎರಡೂ ಕಂಪ್ಯೂಟರುಗಳನ್ನು ಗಿಗಾಬಿಟ್ ತಂತಿಯಿಂದ ಜೋಡಿಸಿದರೆ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಹರಿಯುತ್ತದೆ. ಏಳು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ!

ಇದೇನೂ ಹೊಸ ವಿದ್ಯೆಯಲ್ಲ. ಒಂದು ಕಟ್ಟಡದೊಳಗಿನ ಯಂತ್ರಗಳನ್ನು ಬೆಸೆಯಲೆಂದೇ 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ಈಥರ್ನೆಟ್ ರೂಪುಗೊಂಡಿತು. ವಿಂಡೋಸ್ ಮತ್ತು ಲಿನಕ್ಸ್ ಯಂತ್ರಗಳು ಕಡತ ಹಂಚಿಕೊಳ್ಳಲು ನೆರವಾಗುವ ಸಾಂಬಾ ತಂತ್ರಾಂಶದ ಕೆಲಸ 1991ರಲ್ಲೇ ಆರಂಭವಾಯಿತು. ಇಂದಿಗೂ ಅದು ಉಚಿತ. ಅಂತರ್ಜಾಲ ಕೈಕೊಟ್ಟ ದಿನವೂ ಈ ದಾರಿ ತೆರೆದಿರುತ್ತದೆ. ಆದರೆ ಇದಕ್ಕೆ ತಿಂಗಳ ಬಾಡಿಗೆಯಿಲ್ಲ. ಆದುದರಿಂದ ಜಾಹೀರಾತೂ ಇಲ್ಲ.

"ಪೆನ್ ಡ್ರೈವ್ ಇಲ್ಲವೇ?" ಎನ್ನುವಿರಿ. ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿದ ಡ್ರೈವಿನಲ್ಲಿ 4 ಜಿಬಿ ಮೀರಿದ ಒಂದೇ ಕಡತ ಹಿಡಿಸದು. ಎಕ್ಸ್‌ಫ್ಯಾಟ್ ಆದರೆ ಹಿಡಿಸುತ್ತದೆ. ಆದರೂ ಎರಡು ಸಲ ನಕಲಿಸುವ ಶ್ರಮ ತಪ್ಪದು.

"ಮನೆಗೆ ಬೆಂಕಿ ಬಿದ್ದರೆ?" ಎಂಬ ಪ್ರಶ್ನೆ ನ್ಯಾಯವಾದುದು. ದೂರದಲ್ಲೊಂದು ಪ್ರತಿ ಇರಲೇಬೇಕು. ಆದರೆ ಕಾಪಿಡುವುದು ಬೇರೆ, ಪಕ್ಕದ ಕೋಣೆಗೆ ಸಾಗಿಸುವುದು ಬೇರೆ. ಅಪಾಯವನ್ನೂ ಮುಚ್ಚಿಡಲಾರೆ: 2017ರಲ್ಲಿ ವನ್ನಾಕ್ರೈ ಎಂಬ ಪಿಡುಗು ಹರಡಿದ್ದು ಕಡತ ಹಂಚಿಕೆಯ ಹಳೆಯ ವಿಧಾನದೊಳಗಿನ ದೋಷದಿಂದಲೇ. ಹೀಗಾಗಿ ಹಳೆಯ ವಿಧಾನವನ್ನು ಮುಚ್ಚಿ, ತಂತ್ರಾಂಶವನ್ನು ನವೀಕರಿಸಿ, ಒಂದೇ ಫೋಲ್ಡರನ್ನು ಗುಪ್ತಪದದೊಡನೆ ತೆರೆಯಿರಿ. ಬಾಗಿಲಿಗೆ ಚಿಲಕ ಹಾಕಲು ಕಲಿಯಬೇಕೇ ಹೊರತು ಬಾಗಿಲನ್ನೇ ಗೋಡೆ ಮಾಡಬಾರದು.

ನನ್ನ ದುಃಖ ವೇಗದ್ದಲ್ಲ. ನಮ್ಮ ಮನೆಯ ಎರಡು ಕೋಣೆಗಳ ನಡುವೆ ಮೂರನೆಯವರ ಅಪ್ಪಣೆ ಬೇಕೆಂದು ನಮ್ಮ ಮಕ್ಕಳು ನಂಬಿದ್ದಾರಲ್ಲ, ಅದರದು. ಆ ಮೂರನೆಯವರು ನಿಯಮ ಬದಲಿಸಿದ ದಿನ ಆ ಹುಡುಗರ ಮುಖಗಳನ್ನು ಯಾರನ್ನು ಕೇಳಿ ಪಡೆಯೋಣ?

ಈ ಕಡೆ ಬಂದಾಗ ಲ್ಯಾಪ್‌ಟಾಪ್ ತನ್ನಿ. ತಂತಿ ನನ್ನ ಬಳಿ ಇದೆ. ಕಾಫಿ ಕುಡಿದು ಮುಗಿಸುವುದರೊಳಗೆ ನಿಮ್ಮ ನಾಟಕ ನಿಮ್ಮ ಕೈಸೇರುತ್ತದೆ.